ಹದಿನೆಂಟು ತುಂಬಿದ ಮಗನ ಖಾತೆಗೆ ಯಾರು ಸಹಿ ಹಾಕಬೇಕು?

ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿನ ಹೆಸರಲ್ಲಿ ತಂದೆ ತಾಯಿ ಬ್ಯಾಂಕ್ ಖಾತೆ ತೆರೆದಿರುತ್ತಾರೆ. ಮಾಸಾಶನ, ವಿದ್ಯಾರ್ಥಿವೇತನ ಎಲ್ಲ ಅದಕ್ಕೇ ಜಮಾ ಆಗುತ್ತದೆ. ಅಜ್ಜಿ ಕೊಟ್ಟ ದುಡ್ಡು ಎಫ್‌ಡಿ ಆಗಿರುತ್ತದೆ. ವರ್ಷಗಟ್ಟಲೆ ಅಮ್ಮನೋ ಅಪ್ಪನೋ ಸಹಿ ಹಾಕಿ ಹಣ ತೆಗೆಯುತ್ತಾ ಬಂದಿರುತ್ತಾರೆ. ಮಗನಿಗೆ 18 ತುಂಬುತ್ತದೆ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ಕೌಂಟರಿನಿಂದ ಉತ್ತರ ಬರುತ್ತದೆ: ಇನ್ನು ನಿಮ್ಮ ಸಹಿ ನಡೆಯಲ್ಲ, ಅವರೇ ಬಂದು ಸಹಿ ಮಾಡಬೇಕು.

ತಾಯಿಗೆ ಇದು ಅರ್ಥವೇ ಆಗುವುದಿಲ್ಲ. ನಿನ್ನೆಯವರೆಗೆ ಇದ್ದ ಹಕ್ಕು ಇವತ್ತು ಹೇಗೆ ಹೋಯಿತು?

ಬ್ಯಾಂಕಿನವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ನಮ್ಮ ದೇಶದಲ್ಲಿ ತಂದೆ ತಾಯಿ ಸಹಜ ಗಾರ್ಡಿಯನ್ ಆಗಿರುವುದು ಮಗುವಿಗೆ 18 ತುಂಬುವ ತನಕ ಮಾತ್ರ. ಆಮೇಲೆ ಮಗ ಕಾನೂನಿನ ಕಣ್ಣಲ್ಲಿ ವಯಸ್ಕ. ಅವನಿಗೆ ಯಾವ ಅಂಗವೈಕಲ್ಯ ಇದೆ, ಎಷ್ಟು ಇದೆ ಎಂಬುದರಿಂದ ಈ ಲೆಕ್ಕ ಬದಲಾಗುವುದಿಲ್ಲ. 18ರ ನಂತರ ಇನ್ನೊಬ್ಬರು ಅವನ ಪರವಾಗಿ ಸಹಿ ಹಾಕಬೇಕಾದರೆ ಯಾವುದಾದರೂ ಒಂದು ಅಧಿಕಾರ ಪತ್ರ ಬೇಕು. ಹೆತ್ತವರಿಗೂ ಬೇಕು.

ಇಲ್ಲಿ ಹೆಚ್ಚಿನ ಮನೆಯವರು ಸೀದಾ 'ಗಾರ್ಡಿಯನ್ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ?' ಎಂದು ಓಡಾಡಲು ಶುರು ಮಾಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ನಿಜವಾಗಿ ಅವನಿಗೆ ಗಾರ್ಡಿಯನ್ ಬೇಕಾ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಂಗವಿಕಲ ವ್ಯಕ್ತಿಗೆ ಎಲ್ಲರ ಹಾಗೆ ಆಸ್ತಿ ಹೊಂದುವ ಹಕ್ಕಿದೆ. ತನ್ನ ಹಣದ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ಹಕ್ಕಿದೆ. ಬ್ಯಾಂಕ್ ಸಾಲ ಪಡೆಯುವ ಹಕ್ಕೂ ಇದೆ. ಯಾರಾದರೂ ಜೊತೆಗಿದ್ದು ಸಹಾಯ ಮಾಡುತ್ತಿದ್ದರೆ ಆ ಸಹಾಯವನ್ನು ಬದಲಾಯಿಸುವ, ಬೇಡ ಎನ್ನುವ ಹಕ್ಕೂ ಅವರದೇ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ ಈ ಕಾಯ್ದೆಯ ಹಿಂದಿದೆ. ಆ ಒಪ್ಪಂದದ 12ನೇ ವಿಧಿಯ ಸಾರ ಇಷ್ಟೇ: ನಿರ್ಧಾರ ತೆಗೆದುಕೊಳ್ಳಲು ಕಷ್ಟಪಡುವವರಿಗೆ ಸಹಾಯ ಕೊಡಿ, ಅವರ ನಿರ್ಧಾರವನ್ನೇ ಕಿತ್ತುಕೊಳ್ಳಬೇಡಿ.

ಹಾಗಾದರೆ ಬ್ಯಾಂಕಿನವರು ಯಾಕೆ ಹಿಂದೇಟು ಹಾಕುತ್ತಾರೆ? ಅವರ ತಲೆಯಲ್ಲಿ ಇರುವುದು 1872ರ ಕರಾರು ಕಾಯ್ದೆ. ಖಾತೆ ಎಂದರೆ ಬ್ಯಾಂಕಿಗೂ ಗ್ರಾಹಕರಿಗೂ ನಡುವಿನ ಒಂದು ಕರಾರು. ಕರಾರು ಮಾಡುವವರ ಮನಸ್ಸು ಸ್ಥಿಮಿತದಲ್ಲಿರಬೇಕು ಎನ್ನುತ್ತದೆ ಆ ಕಾಯ್ದೆ. ಆದರೆ ಅದು ಕೇಳುವ ಅಳತೆಯನ್ನು ಸರಿಯಾಗಿ ಓದಬೇಕು. ಕರಾರು ಮಾಡುವ ಆ ಹೊತ್ತಿನಲ್ಲಿ ಅದು ಏನೆಂದು ಅರ್ಥ ಮಾಡಿಕೊಂಡು, ಅದರಿಂದ ತನಗೆ ಒಳ್ಳೆಯದೋ ಕೆಟ್ಟದೋ ಎಂದು ಯೋಚಿಸಲು ಆದರೆ ಸಾಕು. ಉಳಿದ ಸಮಯದಲ್ಲಿ ಮನಸ್ಸು ಸರಿಯಿಲ್ಲದವರೂ ಸರಿಯಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದೇ ಕಾಯ್ದೆಯ 12ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ.

ಅಂದರೆ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇಕಡಾ 60 ಎಂದು ಬರೆದಿದ್ದರೆ ಅದು ಖಾತೆ ತೆರೆಯಲು ಅಡ್ಡಿಯಲ್ಲ. ಆ ಅಂಕಿ ಇರುವುದು ಸರ್ಕಾರಿ ಸೌಲಭ್ಯ ಕೊಡಲು. ಅವನಿಗೆ ಹಣ ಎಣಿಸಲು ಬರುತ್ತದಾ, 'ಇದು ನನ್ನ ದುಡ್ಡು, ಬ್ಯಾಂಕಿನಲ್ಲಿದೆ, ಬೇಕಾದಾಗ ತೆಗೆಯಬಹುದು' ಎಂಬ ತಿಳಿವಳಿಕೆ ಇದೆಯಾ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವವರ ವಿಷಯದಲ್ಲಂತೂ ಈ ಗೊಂದಲ ತುಂಬಾ ನೋವು ಕೊಡುತ್ತದೆ. ಮಾತು ತೊದಲುತ್ತದೆ, ಕೈ ಅಲುಗುತ್ತದೆ, ಸಹಿ ಒಂದೊಂದು ಸಲ ಒಂದೊಂದು ತರಹ ಬರುತ್ತದೆ. ಬುದ್ಧಿ ಮಾತ್ರ ಚುರುಕಾಗಿಯೇ ಇರಬಹುದು. ಅಂಥವರನ್ನು ನಿಲ್ಲಿಸಿ 'ಗಾರ್ಡಿಯನ್ ಕರ್ಕೊಂಡು ಬನ್ನಿ' ಎನ್ನುವುದು ಅನ್ಯಾಯ. ಸಹಿ ಸರಿಯಾಗಿ ಬರದಿದ್ದರೆ ಹೆಬ್ಬೆಟ್ಟು ಇದೆ. ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು, ಇಲ್ಲವೇ ಏನಾದರೊಂದು ಗುರುತು ಹಾಕಿಸಿಕೊಂಡು ಹಣ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ದಾರಿ ಇದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು.

ಹಾಗಾಗಿ ಮೊದಲ ಪ್ರಯತ್ನ ಅವರದೇ ಹೆಸರಲ್ಲಿ, ಅವರದೇ ಕೈಯಲ್ಲಿ ನಡೆಯುವ ಖಾತೆ ಆಗಿರಲಿ. ಬ್ಯಾಂಕಿಗೆ ಹೋಗುವ ಮೊದಲು ಮನೆಯಲ್ಲೇ ಸ್ಲಿಪ್ ತುಂಬುವುದನ್ನು, ಸಹಿಯನ್ನು ಅಭ್ಯಾಸ ಮಾಡಿಸಿ. ಮ್ಯಾನೇಜರು ಮಾತಾಡಿಸಿದಾಗ ತಂದೆ ತಾಯಿ ನಡುವೆ ಬಾಯಿ ಹಾಕದೆ ಅವರೇ ಉತ್ತರ ಕೊಡಲು ಬಿಡಿ. ಹಣ ಕಳೆದುಕೊಂಡಾರು ಎಂಬ ಭಯ ಇದ್ದರೆ ಅದಕ್ಕೆ ಸಣ್ಣ ಸಣ್ಣ ಉಪಾಯಗಳಿವೆ. ಎಟಿಎಂ ಕಾರ್ಡಿನ ದಿನದ ಮಿತಿಯನ್ನು ಕಡಿಮೆ ಇಡಿಸಬಹುದು. ಆನ್‌ಲೈನ್ ವ್ಯವಹಾರವನ್ನು ನಿಲ್ಲಿಸಿಡಬಹುದು. ದೊಡ್ಡ ಮೊತ್ತ ಎಫ್‌ಡಿಯಲ್ಲಿಟ್ಟು, ತಿಂಗಳ ಖರ್ಚಿನಷ್ಟು ಮಾತ್ರ ಉಳಿತಾಯ ಖಾತೆಯಲ್ಲಿ ಇಡಬಹುದು.

ಜಾಯಿಂಟ್ ಅಕೌಂಟ್ ಕೂಡ ಒಂದು ದಾರಿ. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹಾರ ಮಾಡಬಹುದು ಎಂಬ ಷರತ್ತಿನಲ್ಲಿ ತಾಯಿ ಮಗ ಸೇರಿ ಖಾತೆ ತೆರೆದರೆ ದಿನನಿತ್ಯದ ತಾಪತ್ರಯ ಕಡಿಮೆಯಾಗುತ್ತದೆ. ಆದರೆ ಇದರ ಮಿತಿಗಳನ್ನೂ ತಿಳಿದಿರಬೇಕು. ಖಾತೆ ತೆರೆಯುವಾಗ ಮಗನೂ ಸಹಿ ಹಾಕಬೇಕು, ಅಂದರೆ ಅವನಿಗೆ ವಿಷಯ ಅರ್ಥವಾಗಿರಬೇಕು. ತಾಯಿ ತೀರಿಕೊಂಡರೆ ಉಳಿಯುವುದು ಅವನೊಬ್ಬನೇ. ಆಗ ಸಮಸ್ಯೆ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಆಗದವರಿದ್ದಾರೆ. ಹಣ ಎಂದರೇನು ಎಂಬುದೇ ತಿಳಿಯದಷ್ಟು ತೀವ್ರ ಅಂಗವೈಕಲ್ಯ ಇರುವವರಿಗೆ ಗಾರ್ಡಿಯನ್ ಬೇಕೇ ಬೇಕು. ಇಲ್ಲಿ ಕಾನೂನು ಎರಡು ದಾರಿಯಾಗಿ ಕವಲೊಡೆಯುತ್ತದೆ. ಜನ ಅಲೆದು ಸುಸ್ತಾಗುವುದು ಹೆಚ್ಚಾಗಿ ತಪ್ಪು ಕವಲು ಹಿಡಿದಾಗಲೇ.

ಮೊದಲನೆಯದು ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999. ಇದು ನಾಲ್ಕು ಬಗೆಯವರಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹು ಅಂಗವೈಕಲ್ಯ. ಈ ಕಾಯ್ದೆಯಡಿ ಗಾರ್ಡಿಯನ್ ನೇಮಿಸುವುದು ಕೋರ್ಟ್ ಅಲ್ಲ, ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ ಇರುತ್ತಾರೆ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಇರುತ್ತಾರೆ, ಅಂಗವಿಕಲ ವ್ಯಕ್ತಿಯೊಬ್ಬರು ಇರುತ್ತಾರೆ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದಿಲ್ಲ. ನನ್ನ ಪ್ರಕಾರ ಬಡ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಆದರೂ ಇಂಥದ್ದೊಂದು ಸಮಿತಿ ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಅರ್ಜಿ ಹಾಕುವುದು ತಂದೆ ತಾಯಿ ಅಥವಾ ಸಂಬಂಧಿಕರು. ನೋಂದಾಯಿತ ಸಂಸ್ಥೆಯೂ ಹಾಕಬಹುದು. ತಮ್ಮನ್ನೇ ನೇಮಿಸಿ ಎಂದು ತಂದೆ ತಾಯಿ ಕೇಳಬಹುದು, ಅಕ್ಕನನ್ನೋ ಚಿಕ್ಕಪ್ಪನನ್ನೋ ಹೆಸರಿಸಬಹುದು. ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಇಬ್ಬರ ಫೋಟೋ, ಗಾರ್ಡಿಯನ್ ಆಗುವವರ ಒಪ್ಪಿಗೆ ಇವು ಹೇಗೂ ಬೇಕಾಗುತ್ತವೆ. ಕರ್ನಾಟಕದಲ್ಲಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಹಳ್ಳಿಯವರು ಅಲ್ಲಿಯ ತನಕ ಹೋಗುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು.

ಅರ್ಜಿ ಬಂದ ಕೂಡಲೇ ಸಮಿತಿ ಸುಮ್ನೆ ಸೀಲು ಒತ್ತಿ ಕೊಡಬಾರದು. ಎರಡು ವಿಷಯವನ್ನು ಅದು ನೋಡಲೇಬೇಕು. ಈ ವ್ಯಕ್ತಿಗೆ ಗಾರ್ಡಿಯನ್ ಅಗತ್ಯವಿದೆಯೇ? ಇದ್ದರೆ ಯಾವ ಕೆಲಸಕ್ಕೆ? ಹಾಗಾಗಿ ಅರ್ಜಿಯಲ್ಲೇ ಕಾರಣವನ್ನು ಬಿಡಿಸಿ ಬರೆಯುವುದು ಒಳ್ಳೆಯದು. 'ಇಂಥ ಬ್ಯಾಂಕಿನ ಉಳಿತಾಯ ಖಾತೆ ನಡೆಸಲು, ಮಾಸಾಶನ ಪಡೆಯಲು, ಎಫ್‌ಡಿ ನವೀಕರಿಸಲು' ಎಂದು ಸ್ಪಷ್ಟವಾಗಿದ್ದರೆ ಮುಂದೆ ಬ್ಯಾಂಕಿನವರಿಗೂ ತಕರಾರು ತೆಗೆಯಲು ಜಾಗ ಇರುವುದಿಲ್ಲ. ಜಮೀನು ಮಾರುವಂಥ ದೊಡ್ಡ ವ್ಯವಹಾರ ಬೇರೆಯೇ ವಿಷಯ. ಸರ್ಟಿಫಿಕೇಟ್ ಕೈಗೆ ಬಂದ ಮಾತ್ರಕ್ಕೆ ಅದನ್ನೂ ಮಾಡಬಹುದು ಅಂದುಕೊಳ್ಳಬೇಡಿ. ಕಾನೂನು ಸಲಹೆ ಪಡೆದೇ ಮುಂದುವರಿಯಿರಿ.

ಈ ಸರ್ಟಿಫಿಕೇಟನ್ನು ಬ್ಯಾಂಕು ಒಪ್ಪಬೇಕಾ? ಒಪ್ಪಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಎಲ್ಲ ಬ್ಯಾಂಕುಗಳಿಗೆ ತಿಳಿಸಿದೆ. ಖಾತೆ ತೆರೆಯಲು ಮತ್ತು ನಡೆಸಲು ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಪತ್ರವನ್ನು ನಂಬಬಹುದು ಎಂಬುದು ಆ ಸುತ್ತೋಲೆಯ ಮಾತು. ಈ ಸಮಿತಿಗಳ ಮಾಹಿತಿಯನ್ನು ಶಾಖೆಗಳಲ್ಲಿ ಜನರಿಗೆ ಕಾಣುವಂತೆ ಹಾಕಬೇಕು ಎಂದೂ ಆಮೇಲೆ ಸೂಚನೆ ಬಂದಿದೆ. 'ಕೋರ್ಟ್ ಆರ್ಡರೇ ತನ್ನಿ' ಎಂದು ಯಾವುದಾದರೂ ಶಾಖೆ ಹಟ ಹಿಡಿದರೆ ಈ ನಾಲ್ಕು ಅಂಗವೈಕಲ್ಯಗಳ ಮಟ್ಟಿಗೆ ಅದು ತಪ್ಪು.

ಖಾತೆ ಇರುವುದು ಮಗನ ಹೆಸರಲ್ಲೇ. ಗಾರ್ಡಿಯನ್ ಅವನ ಪರವಾಗಿ ಸಹಿ ಹಾಕುತ್ತಾರೆ, ಅಷ್ಟೇ. ಎಟಿಎಂ ಕಾರ್ಡ್, ಆನ್‌ಲೈನ್ ಸೌಲಭ್ಯ ಕೊಡುವ ವಿಷಯದಲ್ಲಿ ಒಂದೊಂದು ಬ್ಯಾಂಕು ಒಂದೊಂದು ರೀತಿ ನಡೆದುಕೊಳ್ಳುತ್ತದೆ, ಮೊದಲೇ ಕೇಳಿಕೊಳ್ಳಿ. ಹಣ ಮಾತ್ರ ಪೂರ್ತಿ ಅವನದು. ಮನೆಯ ಸಾಲ ತೀರಿಸಲು, ತಮ್ಮನ ಮದುವೆಗೆ ಅದನ್ನು ಬಳಸುವಂತಿಲ್ಲ. ಕಾಯ್ದೆ ಇದನ್ನು ಬರೀ ನಂಬಿಕೆಗೆ ಬಿಟ್ಟಿಲ್ಲ. ನೇಮಕವಾದ ಆರು ತಿಂಗಳೊಳಗೆ ಮಗನ ಆಸ್ತಿ, ಹಣ, ಬರಬೇಕಾದ್ದು, ಕೊಡಬೇಕಾದ್ದು ಎಲ್ಲದರ ಪಟ್ಟಿಯನ್ನು ಗಾರ್ಡಿಯನ್ ಒಪ್ಪಿಸಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಕೊಡಬೇಕು. ಗಾರ್ಡಿಯನ್ ಹಿಂಸೆ ಕೊಟ್ಟರೆ, ನಿರ್ಲಕ್ಷ್ಯ ಮಾಡಿದರೆ, ಹಣ ನುಂಗಿದರೆ ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ದೂರು ಕೊಡಬಹುದು. ತಪ್ಪು ಸಾಬೀತಾದರೆ ಅವರನ್ನು ತೆಗೆದು ಹಾಕಬಹುದು. ಹೆತ್ತ ತಾಯಿಗೆ ಲೆಕ್ಕ ಬರೆದು ಕೊಡು ಎನ್ನುವುದು ಕಠಿಣ ಅನ್ನಿಸಬಹುದು. ಆದರೆ ನಾಳೆ ಆ ಜಾಗಕ್ಕೆ ಬರುವವರು ತಾಯಿಯಷ್ಟೇ ಒಳ್ಳೆಯವರಾಗಿರುತ್ತಾರೆ ಎಂದು ಯಾರು ಹೇಳಲು ಸಾಧ್ಯ? ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆದಿಟ್ಟು ಬಿಲ್ಲುಗಳನ್ನು ಜೋಡಿಸಿಟ್ಟರೆ ಇದು ಕಷ್ಟದ ಕೆಲಸವೂ ಅಲ್ಲ.

ಎರಡನೆಯ ಕವಲು ಮಾನಸಿಕ ಕಾಯಿಲೆ ಇರುವವರದ್ದು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಇತ್ಯಾದಿ. ಇವರು ನ್ಯಾಷನಲ್ ಟ್ರಸ್ಟ್ ಕಾಯ್ದೆಯೊಳಗೆ ಬರುವುದಿಲ್ಲ. ಡಿಸಿ ಕಚೇರಿಯಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದ ಮೇಲೆ ಇದು ಗೊತ್ತಾದರೆ ಎಷ್ಟು ಸಂಕಟ ಅಲ್ವಾ?

ಹಿಂದೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಇತ್ತು. ಅದರಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ಮಾಡಿ ಗಾರ್ಡಿಯನ್ ಮತ್ತು ಆಸ್ತಿ ನೋಡಿಕೊಳ್ಳುವ ವ್ಯವಸ್ಥಾಪಕರನ್ನು ನೇಮಿಸಬಹುದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂದಾಗ ಹಳೆಯದು ರದ್ದಾಯಿತು. ಹೊಸ ಕಾಯ್ದೆ ಹಲವು ವಿಷಯಗಳಲ್ಲಿ ಬಹಳ ಮುಂದಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ತೀರ್ಮಾನಿಸಬಾರದು, ಅದನ್ನು ಹೇಳಬೇಕಾದ್ದು ಸಂಬಂಧಪಟ್ಟ ನ್ಯಾಯಾಲಯ ಎಂದು ಅದು ಹೇಳುತ್ತದೆ. ಆದರೆ ಆಸ್ತಿ ಮತ್ತು ಹಣದ ಗಾರ್ಡಿಯನ್ ಬಗ್ಗೆ ಹಳೆಯ ಕಾಯ್ದೆಯಲ್ಲಿದ್ದ ಅಧ್ಯಾಯ ಹೊಸದರಲ್ಲಿ ಇಲ್ಲ.

ಹೊಸ ಕಾಯ್ದೆಯಲ್ಲಿ 'ನಾಮನಿರ್ದೇಶಿತ ಪ್ರತಿನಿಧಿ' ಎಂಬ ವ್ಯವಸ್ಥೆ ಇದೆ. ಹೆಸರು ಕೇಳಿ ಮನೆಯವರು ಇದೇ ಸಾಕು ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ಆ ಪ್ರತಿನಿಧಿಗೆ ಇರುವುದು ಚಿಕಿತ್ಸೆಯ ವಿಷಯದಲ್ಲಿ ಸಹಾಯ ಮಾಡುವ ಅಧಿಕಾರ. ಆಸ್ಪತ್ರೆಯ ಕಾಗದ ತೋರಿಸಿ ಬ್ಯಾಂಕಿನಲ್ಲಿ ಹಣ ತೆಗೆಯಲು ಆಗುವುದಿಲ್ಲ.

ಹಾಗಾದರೆ ಉಳಿಯುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್. ಬೇಕಾದ ಸಹಾಯ ಕೊಟ್ಟ ಮೇಲೂ ಕಾನೂನುಬದ್ಧ ನಿರ್ಧಾರ ತೆಗೆದುಕೊಳ್ಳಲು ಆಗದವರಿಗೆ ಜಿಲ್ಲಾ ನ್ಯಾಯಾಲಯ, ಅಥವಾ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ, ಸೀಮಿತ ಗಾರ್ಡಿಯನ್ ಒಬ್ಬರನ್ನು ನೇಮಿಸಬಹುದು. ಇದು ಇಂತಿಷ್ಟು ಅವಧಿಗೆ, ಇಂಥ ನಿರ್ಧಾರಕ್ಕೆ ಮಾತ್ರ. ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಸೇರಿ ನಿರ್ಧಾರ ಮಾಡಬೇಕು, ಆ ವ್ಯಕ್ತಿಯ ಇಷ್ಟಕ್ಕೆ ತಕ್ಕಂತೆ ನಡೆಯಬೇಕು. ತೀರಾ ಅಗತ್ಯವಿದ್ದರೆ ಪೂರ್ಣ ಬೆಂಬಲದ ಆದೇಶವೂ ಸಾಧ್ಯ. ಬೇರೆ ಕಾಯ್ದೆಗಳಡಿ ನೇಮಕವಾದ ಗಾರ್ಡಿಯನ್‌ಗಳು ಕೂಡ ಈಗ ಸೀಮಿತ ಗಾರ್ಡಿಯನ್‌ಗಳ ಹಾಗೆಯೇ ನಡೆದುಕೊಳ್ಳಬೇಕು ಎಂದು ಇದೇ ಸೆಕ್ಷನ್ ಹೇಳುತ್ತದೆ.

ಮಾನಸಿಕ ಕಾಯಿಲೆ ಏರಿಳಿತದ ಕಾಯಿಲೆ. ಔಷಧಿ ಸರಿಯಾಗಿ ನಡೆಯುತ್ತಿರುವಾಗ ಎಷ್ಟೋ ಜನ ಕೆಲಸಕ್ಕೆ ಹೋಗುತ್ತಾರೆ, ಮನೆ ನಡೆಸುತ್ತಾರೆ, ಇಎಂಐ ಕಟ್ಟುತ್ತಾರೆ. ಕಾಯಿಲೆ ಉಲ್ಬಣಿಸಿದ ಕೆಲವು ವಾರಗಳಲ್ಲಿ ಮಾತ್ರ ತೊಂದರೆ. ಆ ಕೆಲವು ವಾರಗಳಿಗಾಗಿ ಜೀವನಪೂರ್ತಿ ಅವರ ಕೈಯಿಂದ ಪಾಸ್‌ಬುಕ್ ಕಿತ್ತುಕೊಳ್ಳುವುದು ಸರಿಯಲ್ಲ. ಅವರು ಚೆನ್ನಾಗಿರುವಾಗಲೇ ಕೂತು ಮಾತಾಡಿ, ಅವರ ಒಪ್ಪಿಗೆಯಿಂದಲೇ ಖಾತೆಗೆ ನಂಬಿಕಸ್ಥರೊಬ್ಬರನ್ನು ಸೇರಿಸುವುದು, ಖರ್ಚಿನ ಮಿತಿ ಇಡಿಸುವುದು ಒಳ್ಳೆಯದು. ಮನೆಯವರು ಬ್ಯಾಂಕಿಗೆ ಹೋಗಿ 'ನಮ್ಮ ಅಣ್ಣನಿಗೆ ತಲೆ ಸರಿಯಿಲ್ಲ' ಎಂದು ಬರೆದುಕೊಟ್ಟರೆ ಬ್ಯಾಂಕು ಹೆದರಿ ಇಡೀ ಖಾತೆಯನ್ನೇ ತಡೆಹಿಡಿಯಬಹುದು. ಆಮೇಲೆ ಔಷಧಿ ಖರ್ಚಿಗೂ ದುಡ್ಡು ಸಿಗುವುದಿಲ್ಲ.

ವಯಸ್ಸಾದವರ ಮರೆಗುಳಿ ಕಾಯಿಲೆಯಲ್ಲಿ ಈ ಕಷ್ಟ ಇನ್ನೊಂದು ರೂಪದಲ್ಲಿ ಬರುತ್ತದೆ. ಅಪ್ಪ ಜೀವನಪೂರ್ತಿ ತಮ್ಮ ಲೆಕ್ಕ ತಾವೇ ನೋಡಿಕೊಂಡವರು. ಈಗ ಸಹಿ ಮರೆತಿದೆ. ಹಿಂದೆ ಮಗಳ ಹೆಸರಿಗೆ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹಾರ ನಡೆಸುವ ಅಧಿಕಾರ ಪತ್ರ) ಮಾಡಿಕೊಟ್ಟಿದ್ದಾರೆ, ಅದು ಇದೆಯಲ್ಲ ಎಂಬ ಧೈರ್ಯ ಮನೆಯಲ್ಲಿ. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಕೊಟ್ಟವರ ಮನಸ್ಸು ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಯಾವಾಗ ಹೆಚ್ಚು ಬೇಕೋ ಆಗಲೇ ಅದು ಕೈಕೊಡುತ್ತದೆ. ಮೇಲೆ ಹೇಳಿದ ಹೆಬ್ಬೆಟ್ಟಿನ ನಿಯಮವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ದೇಹ ಸೋತವರಿಗೆ, ತಿಳಿವಳಿಕೆ ಇದ್ದೂ ಬರೆಯಲಾಗದವರಿಗೆ. ಕೋಮಾದಲ್ಲಿರುವವರ ವಿಷಯದಲ್ಲಂತೂ ಯಾವ ಕಾಯ್ದೆಯಲ್ಲೂ ನೇರ ದಾರಿ ಇಲ್ಲದ ಕಾರಣ ಕುಟುಂಬಗಳು ಹೈಕೋರ್ಟಿಗೆ ಹೋಗಿವೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟುಗಳು ಗಾರ್ಡಿಯನ್ ನೇಮಿಸಿವೆ. ಇಂಥ ಪ್ರಕರಣಗಳಲ್ಲಿ ಏನೇನು ನೋಡಬೇಕು ಎಂದು ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ಕೊಟ್ಟಿದೆ.

ಇಷ್ಟು ದೂರ ಹೋಗಲಾಗದೆ ಎಷ್ಟೋ ಮನೆಗಳಲ್ಲಿ ಅಪ್ಪನ ಎಟಿಎಂ ಕಾರ್ಡು, ಪಿನ್ನು, ಒಟಿಪಿ ಬಳಸಿ ಮಕ್ಕಳೇ ಹಣ ತೆಗೆಯುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಹಣ ಹೋಗುವುದು ಅಪ್ಪನ ಔಷಧಿಗೇ. ಆದರೂ ಅದು ಬ್ಯಾಂಕಿನ ಷರತ್ತಿಗೆ ವಿರುದ್ಧ. ನಾಳೆ ಅಣ್ಣ ತಮ್ಮಂದಿರಲ್ಲಿ ಜಗಳ ಎದ್ದರೆ, ಸೇವೆ ಮಾಡಿದವರ ಮೇಲೇ ಮೊದಲು ಆರೋಪ ಬರುತ್ತದೆ. ವೈದ್ಯರು ಮರೆವಿನ ಸೂಚನೆ ಕೊಟ್ಟ ಆರಂಭದಲ್ಲೇ, ಅಪ್ಪನಿಗೆ ತಿಳಿವಳಿಕೆ ಇರುವಾಗಲೇ, ಖಾತೆಯನ್ನು ಜಾಯಿಂಟ್ ಮಾಡಿಸಿ. ಎಫ್‌ಡಿಗಳಿಗೂ ಅದೇ ಮಾಡಿಸಿ. ಎಫ್‌ಡಿಯನ್ನು ಅವಧಿಗೆ ಮೊದಲು ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಒಬ್ಬರೇ ಮುರಿಯಬಹುದು ಎಂಬ ಒಪ್ಪಿಗೆ ಪತ್ರ ಕೊಡಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಆಗಲೇ ವಿಚಾರಿಸಿ.

ಅಂಗವೈಕಲ್ಯ ಇರುವ ಮಕ್ಕಳ ತಂದೆ ತಾಯಿಯನ್ನು ರಾತ್ರಿ ನಿದ್ದೆ ಮಾಡಲು ಬಿಡದ ಪ್ರಶ್ನೆ ಇನ್ನೊಂದಿದೆ. ನಮ್ಮ ನಂತರ ಏನು? ನಾಮಿನಿ ಜಾಗದಲ್ಲಿ ಮಗನ ಹೆಸರು ಬರೆದರೆ ಸಾಕು ಎಂದು ಕೆಲವರು ನೆಮ್ಮದಿಯಾಗಿರುತ್ತಾರೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವವರು ಮಾತ್ರ, ಹಣದ ಒಡೆತನ ತೀರ್ಮಾನವಾಗುವುದು ವಿಲ್ ಅಥವಾ ಉತ್ತರಾಧಿಕಾರದ ಕಾನೂನಿನಿಂದ. ಜೊತೆಗೆ, ಗಾರ್ಡಿಯನ್ ಇಲ್ಲದ ಮಗ ನಾಮಿನಿಯಾದರೆ ಹಣ ಬ್ಯಾಂಕಿನಲ್ಲೇ ಸಿಕ್ಕಿಕೊಳ್ಳುತ್ತದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಲು ಅವಕಾಶ ಬಂದಿದೆ, ಅದನ್ನು ಯೋಚಿಸಿ ಬಳಸಿಕೊಳ್ಳಿ. ಸ್ವಲ್ಪ ಜಾಸ್ತಿ ಆಸ್ತಿ ಇರುವವರು ವಿಲ್ ಮೂಲಕ ಮಗನ ಹಿತಕ್ಕಾಗಿ ಖಾಸಗಿ ಟ್ರಸ್ಟ್ ಮಾಡಿಡಬಹುದು. ಕೇಂದ್ರ ಸರ್ಕಾರದ ನೌಕರರು ಅಥವಾ ಪಿಂಚಣಿದಾರರಾಗಿದ್ದರೆ, ಮಾನಸಿಕ ಅಂಗವೈಕಲ್ಯ ಇರುವ ಮಗುವಿನ ಕುಟುಂಬ ಪಿಂಚಣಿಯನ್ನು ಯಾರ ಮೂಲಕ ಕೊಡಬೇಕು ಎಂದು ಬದುಕಿರುವಾಗಲೇ ಹೆಸರಿಸಬಹುದು. ಹಾಗೆ ಹೆಸರಿಸಿದ್ದರೆ ಕೋರ್ಟಿನ ಗಾರ್ಡಿಯನ್ ಸರ್ಟಿಫಿಕೇಟಿಗೆ ಪಟ್ಟು ಹಿಡಿಯುವಂತಿಲ್ಲ.

ಬ್ಯಾಂಕು ಸುಮ್ಮನೆ ಓಡಾಡಿಸಿದರೆ ಬಾಯಿಮಾತಿನ ಉತ್ತರ ತೆಗೆದುಕೊಂಡು ಬರಬೇಡಿ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ನಿರಾಕರಣೆಗೂ ಬರಹದಲ್ಲೇ ಕಾರಣ ಕೇಳಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ದೂರು ಕೊಡಬೇಕೆಂದು ಹೇಳುತ್ತಾರೆ. ಒಂಬುಡ್ಸ್‌ಮನ್ ಬ್ಯಾಂಕಿನ ಸೇವೆಯ ಕೊರತೆಯನ್ನಷ್ಟೇ ಸರಿಪಡಿಸಬಲ್ಲರು, ಗಾರ್ಡಿಯನ್ ನೇಮಿಸಲಾರರು. ಸಮಿತಿಯಲ್ಲೇ ಅರ್ಜಿ ಕೊಳೆಯುತ್ತಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಿ. ಅಧಿಕಾರಿಗಳನ್ನು ಕರೆಸಿ ಕಾಗದಪತ್ರ ಕೇಳುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.